ಆಕಾಶದಲ್ಲಿಯೂ ಬದುಗಳು

ಹೊಲಕ್ಕೆ ಹೋಗುವ ಬಂಡಿದಾರಿಯ ತಕರಾರು ಹಳ್ಳಿಗಾಡಿನಲ್ಲಿ ಬೆಳೆದವರಿಗೆ ಹೊಸದಲ್ಲ. ಒಬ್ಬನ ಹೊಲ ಊರಿಗೆ ಸಮೀಪದಲ್ಲಿಯೇ ಇರುತ್ತದೆ. ಆದರೆ ನಡುವೆ ನೆರೆಯವನ ಹೊಲವಿರುತ್ತದೆ. ನೆರೆಯವನೊಡನೆ ಸ್ನೇಹವಿರುವವರೆಗೆ ಬಂಡಿ ಬದುವನ್ನು ದಾಟಿ ನೇರವಾಗಿ ಹೋಗುತ್ತದೆ. ಮನಸ್ತಾಪವಾದ ಮರುದಿನವೇ ಅಲ್ಲಿ ಮುಳ್ಳುಬೇಲಿ ಬೀಳುತ್ತದೆ, ಬಂಡಿ ಹಳ್ಳವನ್ನು ಸುತ್ತಿ ಬರಬೇಕಾಗುತ್ತದೆ. ಹೊಲ ಇದ್ದಲ್ಲಿಯೇ ಇದೆ, ಊರು ಇದ್ದಲ್ಲಿಯೇ ಇದೆ. ದೂರ ಮಾತ್ರ ಬೆಳೆದಿದೆ. ಮೋಡಗಳಿಗಿಂತ ಮೇಲೆ ಹಾರುವ ವಿಮಾನಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲವೆಂದರೆ ಹಲವರಿಗೆ ಆಶ್ಚರ್ಯವಾಗಬಹುದು.

ಆಕಾಶ ಎಲ್ಲರದು ಎಂಬ ಮಾತು ಕಾವ್ಯಕ್ಕೆ ಒಪ್ಪುತ್ತದೆ, ಕಾನೂನಿಗೆ ಒಪ್ಪುವುದಿಲ್ಲ. ಮೊದಲನೆಯ ಮಹಾಯುದ್ಧದ ಅನುಭವದ ಹಿನ್ನೆಲೆಯಲ್ಲಿ 1919ರ ಪ್ಯಾರಿಸ್ ಒಡಂಬಡಿಕೆಯು ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲದ ಮೇಲಣ ಆಕಾಶದಲ್ಲಿ ಪೂರ್ಣ ಸಾರ್ವಭೌಮತ್ವವಿದೆಯೆಂದು ಒಪ್ಪಿಕೊಂಡಿತು. 1944ರ ಡಿಸೆಂಬರ್ 7ರಂದು ಶಿಕಾಗೋ ನಗರದಲ್ಲಿ 52 ರಾಷ್ಟ್ರಗಳು ಸಹಿ ಹಾಕಿದ ಒಡಂಬಡಿಕೆಯೂ ಈ ತತ್ತ್ವವನ್ನೇ ತನ್ನ ಮೊದಲನೆಯ ವಿಧಿಯಾಗಿ ಇರಿಸಿಕೊಂಡಿತು. ಅದರ ಆರನೆಯ ವಿಧಿಯ ಪ್ರಕಾರ, ವೇಳಾಪಟ್ಟಿಯಂತೆ ಓಡುವ ಯಾವ ಅಂತಾರಾಷ್ಟ್ರೀಯ ವಿಮಾನವೂ ಇನ್ನೊಂದು ರಾಷ್ಟ್ರದ ಒಪ್ಪಿಗೆಯಿಲ್ಲದೆ ಆ ರಾಷ್ಟ್ರದ ಮೇಲೆ ಹಾರುವಂತಿಲ್ಲ. ಹಾದುಹೋಗುವ ಹಕ್ಕನ್ನು ಪರಸ್ಪರ ನೀಡುವ ಮತ್ತೊಂದು ಒಪ್ಪಂದವೂ ಅಲ್ಲಿಯೇ ಸಿದ್ಧವಾಯಿತು. ಆದರೆ ಅದಕ್ಕೆ ಸೇರುವುದು ಬಿಡುವುದು ಆಯಾ ರಾಷ್ಟ್ರದ ಇಚ್ಛೆಗೆ ಉಳಿಯಿತು. ಭೂಮಿಯ ಮೇಲೆ ಅತಿ ವಿಶಾಲವಾದ ಆಕಾಶವನ್ನು ಹೊಂದಿದ್ದ ಸೋವಿಯತ್ ಒಕ್ಕೂಟವು ಶಿಕಾಗೋ ಸಭೆಗೆ ಬರಲೂ ಇಲ್ಲ. ಮುಂದಿನ ಕಥೆಯ ಬಹುಭಾಗ ಈ ಗೈರುಹಾಜರಿಯಿಂದಲೇ ಹುಟ್ಟಿತು.

ತರಗತಿಯ ಗೋಡೆಯ ಮೇಲಿನ ಭೂಪಟವನ್ನು ಬಿಟ್ಟು ಮೇಜಿನ ಮೇಲಿನ ಭೂಗೋಳವನ್ನು ತೆಗೆದುಕೊಂಡರೆ ಈ ಕಥೆ ಸುಲಭವಾಗಿ ತಿಳಿಯುತ್ತದೆ. ಫಿನ್‌ಲೆಂಡಿನ ರಾಜಧಾನಿ ಹೆಲ್ಸಿಂಕಿಯ ಮೇಲೆ ದಾರದ ಒಂದು ತುದಿಯನ್ನೂ ಜಪಾನಿನ ಟೋಕಿಯೋದ ಮೇಲೆ ಇನ್ನೊಂದು ತುದಿಯನ್ನೂ ಇಟ್ಟು ಬಿಗಿಯಾಗಿ ಎಳೆದರೆ ದಾರ ಸೈಬೀರಿಯದ ಮೇಲೆಯೇ ಹಾದುಹೋಗುತ್ತದೆ. ದೂರ ಎಂಟು ಸಾವಿರ ಕಿಲೋಮೀಟರಿಗೂ ಕಡಮೆ. ಪಶ್ಚಿಮ ಯೂರೋಪಿನ ದೊಡ್ಡ ರಾಜಧಾನಿಗಳಿಗಿಂತ ಈ ಚಿಕ್ಕ ನಗರವೇ ಜಪಾನಿಗೆ ಹತ್ತಿರ. ಆದರೆ ದಾರ ಹಾದುಹೋದ ಆಕಾಶ ಸೋವಿಯತ್ ಒಕ್ಕೂಟದ್ದು. ಶೀತಲ ಸಮರದ ದಿನಗಳಲ್ಲಿ ಅದು ವಿದೇಶೀ ವಿಮಾನಗಳಿಗೆ ಬಹುಮಟ್ಟಿಗೆ ಮುಚ್ಚಿದ ಬಾಗಿಲಾಗಿತ್ತು.

ಬಾಗಿಲು ಮುಚ್ಚಿದರೆ ಮನುಷ್ಯ ಹಿತ್ತಿಲ ದಾರಿಯನ್ನು ಹುಡುಕುತ್ತಾನೆ. 1957ರ ಫೆಬ್ರವರಿಯಲ್ಲಿ ಸ್ಕ್ಯಾಂಡಿನೇವಿಯದ ಎಸ್‌ಎಎಸ್ ಸಂಸ್ಥೆಯು ಕೋಪನ್‌ಹೇಗನ್ನಿನಿಂದ ಉತ್ತರ ಧ್ರುವ ಪ್ರದೇಶವನ್ನು ದಾಟಿ, ಅಲಾಸ್ಕಾದ ಆಂಕರೇಜಿನಲ್ಲಿ ಇಳಿದು ಇಂಧನ ತುಂಬಿಕೊಂಡು ಟೋಕಿಯೋ ಸೇರುವ ಮಾರ್ಗವನ್ನು ತೆರೆಯಿತು. ಇತರರೂ ಅದೇ ಹಾದಿ ಹಿಡಿದರು. ಹಿಮದ ನಡುವಣ ಆಂಕರೇಜ್ ಮೂರು ದಶಕಗಳ ಕಾಲ ಯೂರೋಪಿಗೂ ಪೂರ್ವ ಏಷ್ಯಾಕ್ಕೂ ನಡುವಿನ ತಂಗುದಾಣವಾಯಿತು. 1970ರಿಂದ ಮಾಸ್ಕೋ ಮೂಲಕ ಸೈಬೀರಿಯವನ್ನು ದಾಟಲು ಕೆಲವೇ ಸಂಸ್ಥೆಗಳಿಗೆ ಅನುಮತಿ ದೊರೆಯಿತು. 1983ರ ಏಪ್ರಿಲ್‌ನಲ್ಲಿ ಫಿನ್‌ಏರ್ ಸಂಸ್ಥೆಯು ಹೆಚ್ಚು ಇಂಧನ ಹಿಡಿಯುವ ಡಿಸಿ-10 ವಿಮಾನದಲ್ಲಿ ಹೆಲ್ಸಿಂಕಿಯಿಂದ ಟೋಕಿಯೋಗೆ ಎಲ್ಲಿಯೂ ಇಳಿಯದೆ ಹಾರತೊಡಗಿತು. ವಿಮಾನ ಉತ್ತರಕ್ಕೆ ಏರಿ, ಧ್ರುವದ ಬಳಿ ಸಾಗಿ, ಬೇರಿಂಗ್ ಜಲಸಂಧಿಯ ಮೇಲೆ ದಕ್ಷಿಣಕ್ಕೆ ಇಳಿಯುತ್ತಿತ್ತು. ಪ್ರಯಾಣಕ್ಕೆ ಸುಮಾರು 13 ಗಂಟೆ. ಅಂದಿಗೆ ಅದು ಸಾಹಸವೆನಿಸಿತ್ತು.

ಬೇಲಿಯನ್ನು ಗಮನಿಸದೆ ದಾಟಿದವರ ಗತಿ ಏನಾಗಬಹುದೆಂಬುದನ್ನೂ ಅದೇ ವರ್ಷ ಲೋಕ ಕಂಡಿತು. 1983ರ ಸೆಪ್ಟೆಂಬರ್ 1ರಂದು ಆಂಕರೇಜಿನಿಂದ ಸೋಲ್ ನಗರಕ್ಕೆ ಹೊರಟಿದ್ದ ಕೊರಿಯನ್ ಏರ್‌ಲೈನ್ಸ್ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಆಕಾಶವನ್ನು ಹೊಕ್ಕಿತು. ಯುದ್ಧವಿಮಾನವೊಂದು ಅದನ್ನು ಸಖಾಲಿನ್ ದ್ವೀಪದ ಬಳಿ ಹೊಡೆದುರುಳಿಸಿತು. 269 ಜನ ಮಡಿದರು. ಮರುವರ್ಷ ಶಿಕಾಗೋ ಒಡಂಬಡಿಕೆಗೆ, ಹಾರುತ್ತಿರುವ ನಾಗರಿಕ ವಿಮಾನಗಳ ಮೇಲೆ ಆಯುಧ ಪ್ರಯೋಗಿಸಬಾರದೆಂಬ ತಿದ್ದುಪಡಿಯನ್ನು ಅಂಗೀಕರಿಸಲಾಯಿತು. ಹೇಳದೆಯೇ ತಿಳಿಯಬೇಕಾಗಿದ್ದ ಧರ್ಮವನ್ನು ಬರೆದಿಡಬೇಕಾದುದು ಆ ಕಾಲದ ದುರಂತ.

1980ರ ದಶಕದ ಉತ್ತರಾರ್ಧದಿಂದ ಸೈಬೀರಿಯದ ಬಾಗಿಲು ಕ್ರಮೇಣ ತೆರೆಯಿತು. ಯೂರೋಪಿನ ಸಂಸ್ಥೆಗಳು ಆ ಆಕಾಶದಲ್ಲಿ ಹಾದುಹೋಗಲು ಏರೋಫ್ಲಾಟ್ ಸಂಸ್ಥೆಗೆ ವರ್ಷವರ್ಷವೂ ದೊಡ್ಡ ಮೊತ್ತವನ್ನು ತೆರುತ್ತಿದ್ದವು. ಆದರೂ ಉಳಿತಾಯ ಅದಕ್ಕಿಂತ ಹೆಚ್ಚಿನದಾಗಿತ್ತು. ಆಂಕರೇಜಿನ ಪ್ರಯಾಣಿಕ ತಂಗುದಾಣ ಬರಿದಾಯಿತು, ಹೆಲ್ಸಿಂಕಿಗೆ ಭಾಗ್ಯ ಬಂದಿತು. ಅಲ್ಲಿಂದ ಹೊರಟ ವಿಮಾನ ಏಷ್ಯಾಕ್ಕೆ ಹೋಗಿ ಇಪ್ಪತ್ತನಾಲ್ಕು ಗಂಟೆಯೊಳಗೆ ಮರಳಬಹುದಾಗಿತ್ತು. ಫಿನ್‌ಲೆಂಡ್ ಈ ಒಂದು ಅನುಕೂಲವನ್ನೇ ಬುನಾದಿಯಾಗಿಸಿಕೊಂಡು ತನ್ನ ವಿಮಾನಯಾನವನ್ನು ಕಟ್ಟಿತು.

ಆ ಬುನಾದಿ ಎರಡೇ ದಿನಗಳಲ್ಲಿ ಅಲುಗಿತು. ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದ ಬಳಿಕ, 2022ರ ಫೆಬ್ರವರಿ 27ರಂದು ಯೂರೋಪಿಯನ್ ಒಕ್ಕೂಟವು ತನ್ನ ಆಕಾಶವನ್ನು ರಷ್ಯದ ವಿಮಾನಗಳಿಗೆ ಮುಚ್ಚಿತು. ಮರುದಿನ ರಷ್ಯವು 36 ದೇಶಗಳ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಒಂಬತ್ತೂವರೆ ಗಂಟೆಯ ಟೋಕಿಯೋ ಪ್ರಯಾಣ ಮತ್ತೆ 13 ಗಂಟೆಯಾಯಿತು. ಮಾರ್ಚ್ ತಿಂಗಳಲ್ಲಿ ಫಿನ್‌ಏರ್ ತನ್ನ ಹಳೆಯ ಧ್ರುವಮಾರ್ಗಕ್ಕೇ ಮರಳಿತು. 1983ರಲ್ಲಿ ಧ್ರುವ ದಾಟಿದ ಪ್ರಯಾಣಿಕರಿಗೆ ಪ್ರಮಾಣಪತ್ರ ಕೊಡುತ್ತಿದ್ದಂತೆ ಈ ಬಾರಿಯೂ ಕೊಡಲಾಯಿತು. ಆದರೆ ಅಂದು ಅದು ವಿಜಯದ ಗುರುತು, ಇಂದು ನಷ್ಟಕ್ಕೆ ಹೊದಿಸಿದ ಶಾಲು. ಫಿನ್‌ಲೆಂಡ್ ಭೂಪಟದಲ್ಲಿ ಒಂದು ಅಂಗುಲವೂ ಸರಿದಿರಲಿಲ್ಲ. ಏಷ್ಯಾದಿಂದ ಮಾತ್ರ ದೂರವಾಗಿತ್ತು.

ಒಬ್ಬರಿಗೆ ಮುಚ್ಚಿದ ಬಾಗಿಲು ಇನ್ನೊಬ್ಬರಿಗೆ ತೆರೆದೇ ಇದ್ದರೆ ಲಾಭನಷ್ಟಗಳ ತಕ್ಕಡಿಯೂ ವಾಲುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಚಾಲಕರೇ ಉತ್ತರ ಧ್ರುವದ ಮೇಲಿನಿಂದ ನಡೆಸಿ ತಂದರು. ನೇರ ಅಂತರವೇ ಸುಮಾರು 14 ಸಾವಿರ ಕಿಲೋಮೀಟರ್. ಭೂಗೋಳದ ಮೇಲೆ ದಾರ ಹಿಡಿದು ನೋಡಿದರೆ, ಧ್ರುವ ದಾಟಿದ ಮೇಲೆ ಈ ಮಾರ್ಗಕ್ಕೂ ರಷ್ಯದ ಆಕಾಶ ಅಗತ್ಯವೆಂಬುದು ಕಾಣುತ್ತದೆ. 2022ರ ಬಳಿಕ ಭಾರತದ ವಿಮಾನಗಳಿಗೆ ಅಲ್ಲಿ ತಡೆಯಿರಲಿಲ್ಲ, ಅಮೆರಿಕದ ವಿಮಾನಗಳಿಗೆ ಇತ್ತು. ಯುನೈಟೆಡ್ ಸಂಸ್ಥೆಯು ಅದೇ ವರ್ಷದ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ–ದೆಹಲಿ, ನ್ಯೂಅರ್ಕ್–ಮುಂಬಯಿ ಮಾರ್ಗಗಳನ್ನು ನಿಲ್ಲಿಸಿತು.

ಆದರೆ ಭಾರತದ ಈ ಅನುಕೂಲವೂ ಇನ್ನೊಂದು ಬೇಲಿಯ ಕೃಪೆಯಲ್ಲಿತ್ತು. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ಆಕಾಶವನ್ನು ಮುಚ್ಚಿದಾಗ, ಏರ್ ಇಂಡಿಯಾ ಸಂಸ್ಥೆಯೊಂದಕ್ಕೇ 491 ಕೋಟಿ ರೂಪಾಯಿ ನಷ್ಟವಾಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಹಾದುಹೋಗುವ ವಿಮಾನಗಳ ಶುಲ್ಕ ತಪ್ಪಿ ಬೇಲಿ ಹಾಕಿದ ದೇಶವೂ ನಷ್ಟ ಅನುಭವಿಸಿತು. ಪಹಲ್ಗಾಮ್ ಹತ್ಯಾಕಾಂಡದ ನಂತರ, 2025ರ ಏಪ್ರಿಲ್ 24ರಂದು ಪಾಕಿಸ್ತಾನವು ಭಾರತದ ವಿಮಾನಗಳಿಗೆ ಮತ್ತೆ ಬಾಗಿಲು ಮುಚ್ಚಿತು. 30ರಂದು ಭಾರತವೂ ಹಾಗೆಯೇ ಮಾಡಿತು. ಅಮೆರಿಕದಿಂದ ದೆಹಲಿಗೆ ಬರುವ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಂಥ ಊರುಗಳಲ್ಲಿ ಇಳಿಯಬೇಕಾಯಿತು. ದೆಹಲಿಯಿಂದ ತಾಷ್ಕೆಂಟ್, ಅಲ್ಮಾಟಿಗಳಿಗೆ ಇಂಡಿಗೋ ನಡೆಸುತ್ತಿದ್ದ ಯಾನಗಳು ನಿಂತೇಹೋದವು. ಸುತ್ತುದಾರಿ ಆ ಸಣ್ಣ ವಿಮಾನಗಳ ಶಕ್ತಿಗೆ ಮೀರಿದುದೇ ಕಾರಣ. ನೇರವಾಗಿ ಹಾರಿದರೆ ಕೆಲವೇ ಗಂಟೆಗಳ ದೂರದ ಊರುಗಳು ಹೀಗೆ ವೇಳಾಪಟ್ಟಿಯಿಂದಲೇ ಮಾಯವಾದವು.

ಬೇಲಿ ಬೀಳುವಂತೆ ಬೇಲಿ ಏಳುವುದೂ ಉಂಟು. ಇಸ್ರೇಲಿಗೆ ಹೋಗುವ ವಿಮಾನಗಳಿಗೆ ಸೌದಿ ಅರೇಬಿಯ ದಶಕಗಳ ಕಾಲ ತನ್ನ ಆಕಾಶವನ್ನು ಬಿಟ್ಟುಕೊಟ್ಟಿರಲಿಲ್ಲ. 2018ರ ಮಾರ್ಚ್ 22ರಂದು ದೆಹಲಿಯಿಂದ ಟೆಲ್ ಅವೀವ್‌ಗೆ ಹೊರಟ ಏರ್ ಇಂಡಿಯಾ ವಿಮಾನಕ್ಕೆ ಆ ಅನುಮತಿ ಮೊದಲ ಬಾರಿಗೆ ದೊರೆತು, ಸುಮಾರು ಎರಡು ಗಂಟೆ ಉಳಿಯಿತು. ವಿಚಿತ್ರವೆಂದರೆ ಇಸ್ರೇಲಿನ ಸ್ವಂತ ಎಲ್ ಆಲ್ ಸಂಸ್ಥೆ ಮುಂಬಯಿಗೆ ಬರಲು ಇನ್ನೂ ಕೆಂಪು ಸಮುದ್ರದ ಮೇಲೆ ಸುತ್ತಿಯೇ ಹಾರಬೇಕಾಗಿತ್ತು. 2022ರ ಜುಲೈಯಲ್ಲಿ ಸೌದಿ ಅರೇಬಿಯವೂ 2023ರ ಫೆಬ್ರವರಿಯಲ್ಲಿ ಓಮಾನ್ ದೇಶವೂ ಅನುಮತಿ ನೀಡಿದ ಮೇಲಷ್ಟೇ ಆ ದಾರಿ ನೇರವಾಯಿತು.

ಸುತ್ತುದಾರಿಯ ವೆಚ್ಚವನ್ನು ಕೊನೆಗೆ ಹೊರುವವರು ಪ್ರಯಾಣಿಕರು: ಓದಲು ಪರದೇಶಕ್ಕೆ ಹೊರಟ ವಿದ್ಯಾರ್ಥಿ, ಮಗಳ ಬಾಣಂತನಕ್ಕೆ ಹೊರಟ ತಾಯಿ, ತಂದೆಯ ಅಂತ್ಯಸಂಸ್ಕಾರಕ್ಕೆ ಧಾವಿಸುವ ಮಗ. ಆದರೂ ಸುತ್ತಿ ಹೋಗುವುದು ಎಲ್ಲ ಸಲವೂ ಕೇಡಲ್ಲ. 2014ರ ಜುಲೈ 17ರಂದು ಪೂರ್ವ ಉಕ್ರೇನಿನ ಯುದ್ಧಭೂಮಿಯ ಮೇಲೆ ಹಾರುತ್ತಿದ್ದ ಮಲೇಷ್ಯಾ ಏರ್‌ಲೈನ್ಸ್ ವಿಮಾನವು ಕ್ಷಿಪಣಿಗೆ ಗುರಿಯಾಗಿ 298 ಜನ ಪ್ರಾಣ ತೆತ್ತರು. ಅಲ್ಲಿ ಕೆಳಗಿನ ಎತ್ತರಗಳಲ್ಲಿ ಹಾರಾಟವನ್ನು ನಿಷೇಧಿಸಲಾಗಿತ್ತು, ವಿಮಾನ ಹಾರುತ್ತಿದ್ದ ಎತ್ತರ ಮಾತ್ರ ತೆರೆದಿತ್ತು. ದ್ವೇಷದಿಂದ ಹಾಕಿದ ಬೇಲಿ ಹಣವನ್ನು ನುಂಗಿದರೆ, ಹಾಕಬೇಕಾದಲ್ಲಿ ಹಾಕದ ಬೇಲಿ ಪ್ರಾಣವನ್ನೇ ನುಂಗಿತು.

ಆದುದರಿಂದ ಹೊಸ ವಿಮಾನ ಮಾರ್ಗವೊಂದು ಉದ್ಘಾಟನೆಯಾಯಿತೆಂದು ಪತ್ರಿಕೆಗಳಲ್ಲಿ ಓದಿದಾಗ, ಅದು ಕೇವಲ ಯಂತ್ರಬಲದ ಸಾಧನೆಯೆಂದು ತಿಳಿಯಲಾಗದು. ತೊಂಬತ್ತು ನಿಮಿಷ ಒಂದು ದೇಶದ ಮೇಲೆ, ನಲವತ್ತು ನಿಮಿಷ ಮತ್ತೊಂದರ ಮೇಲೆ, ಹೀಗೆ ಹಲವು ನೆರೆಹೊರೆಯವರ ಸಮ್ಮತಿಯನ್ನು ಸಾಲಾಗಿ ಪೋಣಿಸಿದಾಗ ಮಾತ್ರ ಆ ಮಾರ್ಗ ನಿಲ್ಲುತ್ತದೆ. ಒಂದು ಮಣಿ ಜಾರಿದರೂ ಸರ ಹರಿಯುತ್ತದೆ. ಇಂಜಿನುಗಳ ಶಕ್ತಿ ದಶಕದಿಂದ ದಶಕಕ್ಕೆ ಬೆಳೆದಿದೆ. ಆದರೆ ಎರಡು ಊರುಗಳ ನಡುವಿನ ದೂರವನ್ನು ಅಳೆಯುವ ಕೋಲು ಇಂದಿಗೂ ನಡುವಿರುವವರ ಮನಸ್ಸೇ ಆಗಿದೆ. ಬಂಡಿದಾರಿಯ ತಕರಾರನ್ನು ಕಂಡ ಹಳ್ಳಿಯ ರೈತನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.