ಕೊಟ್ಟಿಗೆಯಲ್ಲಿರುವ ನಮ್ಮ ಅಂಬಾಸಿಡರ್

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು. ಅತ್ತೆಯವರ ಕಾಲದ ಹೊಲಿಗೆ ಮೆಷಿನ್ನೋ, ಮಾವನವರ ಆರಾಮಕುರ್ಚಿಯೋ, ತಳ ತೂತಾದ ತಾಮ್ರದ ಹಂಡೆಯೋ. ಇಟ್ಟುಕೊಂಡರೆ ಜಾಗ ಸಾಲದು, ಕೊಡಹೋದರೆ ಮನಸ್ಸು ಕೇಳದು. ನಮ್ಮ ಮನೆಯಲ್ಲಿ ಆ ಸ್ಥಾನದಲ್ಲಿ ಕೂತಿರುವುದು ಒಂದು ಕಾರು. ಹದಿನಾಲ್ಕು ಅಡಿ ಉದ್ದ, ಒಂದು ಟನ್ನಿಗೂ ಮಿಕ್ಕಿದ ಭಾರ, ತಿಳಿ ಹಸಿರು ಬಣ್ಣ. 1971ರ ಅಂಬಾಸಿಡರ್. ಹಿಂದೆ ಎಮ್ಮೆ ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಈಗ ಅದರ ವಾಸ.

ಬೆಂಗಳೂರಿನಲ್ಲಿರುವ ಮಗ ಪ್ರತಿ ಭಾನುವಾರ ಫೋನು ಮಾಡುತ್ತಾನೆ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಎಂದು ಕೇಳಿದ ಮೇಲೆ ಮೂರನೇ ಪ್ರಶ್ನೆ ಯಾವಾಗಲೂ ಅದೇ: "ಗುಜರಿಯವನಿಗೆ ಹೇಳ್ಲಾ ಅಮ್ಮಾ?" ನಾನು ಮಾತು ಮರೆಸುತ್ತೇನೆ. ಯಾಕೆ ಮರೆಸುತ್ತೇನೆ ಎಂದು ಅವನಿಗೆ ಫೋನಿನಲ್ಲಿ ಹೇಳಲು ಬರಲಿಲ್ಲ. ನಿಮಗಾದರೂ ಹೇಳುತ್ತೇನೆ, ಕೇಳಿ.

ನನ್ನ ತವರು ಕಾರವಾರದ ಕೋಡಿಬಾಗ. ನಾನು ಲಂಗ ಹಾಕುತ್ತಿದ್ದ ಕಾಲಕ್ಕೆ ಕಾರು ಎಂದರೆ ಅಮೇರಿಕದ ಕಾರು ಎಂದೇ ನಮ್ಮ ತಿಳುವಳಿಕೆ. ನಮ್ಮ ಕೇರಿಗೆ ಮದುವೆ ಮುಂಜಿಗೆ ಬರುತ್ತಿದ್ದ ಬಾಡಿಗೆ ಗಾಡಿ ಒಂದು ಕಪ್ಪು ಡಾಡ್ಜ್. ಡಾಡ್ಜ್, ಪ್ಲಿಮತ್ ಗಾಡಿಗಳನ್ನು ಆಗ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಜೋಡಿಸುತ್ತಿದ್ದರು. ಆ ಡಾಡ್ಜಿನಲ್ಲಿ ದಿಬ್ಬಣದವರು ಹನ್ನೊಂದು ಜನ ಕೂತದ್ದನ್ನು ನಾನೇ ಎಣಿಸಿದ್ದೇನೆ. ಮುಂದಿನ ಬಾನೆಟ್ಟು ಎಷ್ಟು ಉದ್ದವೆಂದರೆ, ಗಾಡಿ ಓಣಿಯ ತಿರುವಿನಲ್ಲಿ ಮೊದಲು ಮೂಗು ತೋರಿಸಿ, ಮದುಮಗಳು ಕಾಣಿಸಿಕೊಳ್ಳಲು ಇನ್ನೂ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು!

ನನ್ನ ತಂಗಿಯ ಮಗ ಅಮೇರಿಕದ ಮಿಶಿಗನ್‌ನಲ್ಲಿದ್ದಾನೆ. ಅಲ್ಲಿ 'ಮಸಲ್ ಕಾರ್' ಎಂಬ ಹಳೇ ಗಾಡಿಗಳ ಹುಚ್ಚು ಬಹಳವಂತೆ. ಮಸಲ್ ಅಂದರೆ ಮಾಂಸಖಂಡ, ಕುಸ್ತಿ ಪೈಲ್ವಾನರ ಜಾತಿ ಎನ್ನಿ. 1960ರ ದಶಕದಲ್ಲಿ ಬಂದ ಪಾಂಟಿಯಾಕ್ ಜಿಟಿಓ, ಡಾಡ್ಜ್ ಚಾರ್ಜರ್ ಮೊದಲಾದವು. ಆ ಚಾರ್ಜರಿನ ಒಂದು ಮಾದರಿಗೆ ಏಳು ಲೀಟರಿನ ಇಂಜಿನ್, 425 ಅಶ್ವಶಕ್ತಿ. ನಮ್ಮ ಅಂಬಾಸಿಡರಿನದು ಒಂದೂವರೆ ಲೀಟರು, ಐವತ್ತರ ಆಸುಪಾಸು ಕುದುರೆಗಳು. ಅವೂ ಅರಬೈಲು ಘಟ್ಟದಲ್ಲಿ ನೀರು ಕೇಳುವ ಕುದುರೆಗಳು. ಅವನು ಫೋಟೋ ಕಳಿಸಿ ನನ್ನನ್ನು ಗೇಲಿ ಮಾಡುತ್ತಾನೆ. ಆದರೆ 1973ರಲ್ಲಿ ಅರಬರು ತೈಲದ ನಲ್ಲಿ ತಿರುಗಿಸಿದಾಗ ಆ ಪೈಲ್ವಾನರೆಲ್ಲ ಗರಡಿ ಮನೆ ಖಾಲಿ ಮಾಡಬೇಕಾಯಿತು. ನಮ್ಮಲ್ಲೂ ಪೆಟ್ರೋಲು ತುಟ್ಟಿಯಾಯಿತು, ಬಿಡಿ. ಆದರೆ ಕಲ್ಕತ್ತದ ಹತ್ತಿರ ಉತ್ತರಪಾಡದ ಕಾರ್ಖಾನೆಯಲ್ಲಿ ಅಂಬಾಸಿಡರ್ ಮಾತ್ರ 2014ರ ಮೇ ತಿಂಗಳವರೆಗೂ ತಯಾರಾಗುತ್ತಲೇ ಇತ್ತು. ಬಡವಿಯ ಆಯುಸ್ಸು ಗಟ್ಟಿ.

1973ರಲ್ಲಿ ಮದುವೆಯಾಗಿ ಅಂಕೋಲೆಗೆ ಬಂದೆ. ನಮ್ಮವರದು ಪೇಟೆಯಲ್ಲಿ ಕಿರಾಣಿ ವ್ಯಾಪಾರ. 1976ರಲ್ಲಿ ಹುಬ್ಬಳ್ಳಿಗೆ ಮೆಣಸಿನಕಾಯಿ ತರಲು ಹೋದವರು ಮೆಣಸಿನಕಾಯಿಯ ಜೊತೆಗೆ ಈ ಗಾಡಿಯನ್ನೂ ತಂದರು, ಸೆಕೆಂಡ್ ಹ್ಯಾಂಡ್. ಹೊಸತಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಅತ್ತೆಯವರು ಕುಂಬಳಕಾಯಿ ಒಡೆದು, ಬಾನೆಟ್ಟಿಗೆ ಕುಂಕುಮ ಹಚ್ಚಿ, "ಇದಕ್ಕೆ ದಿನಾ ಎಷ್ಟು ಹಿಂಡಿ ಬೇಕೋ?" ಎಂದು ಕೇಳಿದ್ದರು. ಲೀಟರಿಗೆ ಒಂಬತ್ತು ಕಿಲೋಮೀಟರು ಕೊಡುತ್ತಿತ್ತು. ಅತ್ತೆಯ ಪ್ರಶ್ನೆ ತಪ್ಪಲ್ಲ!

ಆಗ ನಮ್ಮ ಕಡೆ ರೈಲಿಲ್ಲ. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರ ಜನವರಿಗೆ. ಹೀಗಾಗಿ ಕೇರಿಯಲ್ಲಿ ಒಂದು ಕಾರಿದ್ದರೆ ಅದು ಊರಿಗೆಲ್ಲ ಇದ್ದ ಹಾಗೆ. ಬೆಂಚಿನಂಥ ಮುಂದಿನ ಸೀಟಿನಲ್ಲಿ ಮೂವರು, ಹಿಂದೆ ನಾಲ್ವರು, ಮಕ್ಕಳ ಲೆಕ್ಕ ಇಲ್ಲ. ಡಿಕ್ಕಿಯಲ್ಲಿ ಇಶಾಡು ಮಾವಿನ ಹಣ್ಣಿನ ಬುಟ್ಟಿ. ಆ ವಾಸನೆ ಮಳೆಗಾಲದ ತನಕ ಸೀಟಿನಲ್ಲಿ ಉಳಿಯುತ್ತಿತ್ತು. ಗೋವೆಯ ಮಂಗೇಶಿಗೆ ಹೋಗುವಾಗ ಕೋಡಿಬಾಗದಲ್ಲಿ ಕಾಳಿ ಹೊಳೆ ದಾಟಲು ಗಾಡಿಯನ್ನು ಫೆರಿ ಬಾರ್ಜಿಗೆ ಹತ್ತಿಸಬೇಕಿತ್ತು. ನಾವು ಹೆಂಗಸರು ಇಳಿದು, ದೇವರೇ ಗತಿ ಎಂದು ಕಣ್ಣು ಮುಚ್ಚಿ ನಿಲ್ಲುತ್ತಿದ್ದೆವು. ಆಮೇಲೆ 1983ರ ಸೇತುವೆ ಬಂತು. ಅದೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಒಂದು ಲಾರಿ ಹೊಳೆಗೆ ಬಿತ್ತು. ಪುಣ್ಯಕ್ಕೆ ಚಾಲಕನನ್ನು ಬದುಕಿಸಿದರು. ಟಿವಿಯಲ್ಲಿ ನೋಡುವಾಗ ನನಗೆ ಆ ಬಾರ್ಜೇ ನೆನಪಾಯಿತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

1984ರಲ್ಲಿ ನಮ್ಮವರು ಒಂದು ಸಂಜೆ ಮನೆಯ ಗೇಟಿನ ಕಂಬಕ್ಕೆ ಎಡಬದಿಯ ಮಡ್‌ಗಾರ್ಡ್ ತಾಗಿಸಿದರು. ವಾರ ಕಳೆದು ಮತ್ತೊಮ್ಮೆ. ಕಂಬ ಎಲ್ಲಿಂದ ಬಂತೋ ಗೊತ್ತಾಗಲಿಲ್ಲ ಎಂದರು. ನಾನು ನಕ್ಕೆ. ಈಗಲೂ ಆ ನಗು ನೆನೆದರೆ ನಾಚಿಕೆಯಾಗುತ್ತದೆ. ಡಾಕ್ಟರರು ಪರೀಕ್ಷೆ ಮಾಡಿ ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಕೆಡುವ ರೋಗ. ನೋವಿಲ್ಲ, ಕೆಂಪಿಲ್ಲ. ಅಕ್ಕಪಕ್ಕದ ನೋಟ ಮೊದಲು ಹೋಗುತ್ತದೆ, ಎದುರಿನದು ಕಡೆಗೆ. ಹೋದ ನೋಟ ತಿರುಗಿ ಬರುವುದಿಲ್ಲ, ಇದ್ದುದನ್ನು ಉಳಿಸಿಕೊಳ್ಳಬಹುದು ಅಷ್ಟೆ. (ನಲವತ್ತು ದಾಟಿದ ಮೇಲೆ ಕಣ್ಣಿನ ಒತ್ತಡ ತೋರಿಸಿಕೊಳ್ಳಿ, ಮನೆಯವರದನ್ನೂ ತೋರಿಸಿ. ಚಾಳೀಸು ಬಂತೆಂದು ಬರೀ ಕನ್ನಡಕ ಬದಲಿಸಿ ಸುಮ್ಮನಾಗಬೇಡಿ.)

ಗಾಡಿ ಒಂದು ವರ್ಷ ಕೊಟ್ಟಿಗೆಯಲ್ಲಿ ನಿಂತಿತು. ಮಾರೋಣ ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಊಟವಾದ ಮೇಲೆ ಹೋಗಿ ಸ್ಟಿಯರಿಂಗಿನ ಹಿಂದೆ ಕೂತು ಬೀಡಾ ಹಾಕುತ್ತಿದ್ದರು. ನೋಡಲಾರದೆ ಒಂದು ದಿನ ನಾನೇ, "ನಂಗೆ ಕಲಿಸ್ರಲ್ಲ" ಎಂದೆ. ಎಂಟು ದಿನ ಉತ್ತರ ಬರಲಿಲ್ಲ. ಅಂಕೋಲೆ ಪೇಟೆಯಲ್ಲಿ ಹೆಂಡತಿ ಕಾರು ಬಿಡುವುದು, ಗಂಡ ಪಕ್ಕದಲ್ಲಿ ಕೂರುವುದು, ಜನ ಏನಂದಾರು? ಒಂಬತ್ತನೇ ದಿನ ಬೆಳಗಿನ ಐದಕ್ಕೆ ಎಬ್ಬಿಸಿ, "ಸೀರೆ ಸೆರಗು ಸಿಕ್ಕಿಸ್ಕೋ, ಹೋಪನಾ" ಎಂದರು.

ಜೈಹಿಂದ್ ಮೈದಾನ, ಇನ್ನೂ ಮಬ್ಬುಗತ್ತಲೆ. ಗಾಡಿಯನ್ನು ತಳ್ಳಿಕೊಡಲು ಜೊತೆಗೆ ಬಂದಿದ್ದ ಅಂಗಡಿಯ ಹುಡುಗ ದೂರ ಹೋಗಿ ಮರದ ಹಿಂದೆ ನಿಂತ. ಅಂಬಾಸಿಡರಿನ ಗೇರು ಈಗಿನ ಕಾರಿನಂತೆ ನೆಲದಲ್ಲಿ ಇರುತ್ತಿರಲಿಲ್ಲ, ಸ್ಟಿಯರಿಂಗಿನ ಕಂಬಕ್ಕೇ ಒಂದು ಕೋಲು. ಹೆಡ್‌ಲೈಟು ತಗ್ಗಿಸಲು ಎಡಗಾಲಿನ ಬಳಿ ನೆಲದಲ್ಲಿ ಒಂದು ಗುಂಡಿ. ಚೋಕು ಎಳೆಯಬೇಕು, ಬಿಸಿಯಾದ ಮೇಲೆ ಮರೆಯದೆ ಒತ್ತಬೇಕು. ಗಡಬಡಿಸಬೇಡಿ, ಒಲೆಗೆ ಬೆಂಕಿ ಹೊತ್ತಿಸಿದವರಿಗೆ ಚೋಕು ಕಷ್ಟವಲ್ಲ. ಗಾಳಿ ಎಷ್ಟು, ಸೌದೆ ಎಷ್ಟು, ಅಷ್ಟೇ ಲೆಕ್ಕ. ಕ್ಲಚ್ಚು ಮಾತ್ರ ನನ್ನನ್ನು ಅಳಿಸಿತು. ಹದಿನೈದು ದಿನ ಗಾಡಿ ಕಪ್ಪೆಯಂತೆ ಕುಪ್ಪಳಿಸಿತು. 1985ರಲ್ಲಿ ಲೈಸೆನ್ಸು ಸಿಕ್ಕಾಗ ನನಗೆ 33 ವರ್ಷ.

ಮೊದಲ ಸಲ ಕಾರವಾರಕ್ಕೆ ಹೊರಟದ್ದು ತವರಿನ ಒಂದು ನಾಮಕರಣಕ್ಕೆ. ಬಿಣಗಾ ಘಟ್ಟದ ಏರಿನಲ್ಲಿ ಗಾಡಿ ನಿಂತಿತು. ಹಿಂದೆ ಲಾರಿ, ಅದರ ಹಿಂದೆ ಬಸ್ಸು, ಕಿವಿ ಹರಿಯುವ ಹಾರ್ನು. ನನ್ನ ಕೈ ನಡುಗುತ್ತಿತ್ತು. ಇಳಿದು ಓಡಿಹೋಗಬೇಕು ಎನಿಸಿತು. ನಮ್ಮವರು ಸುಮ್ಮನೆ ಕೂತಿದ್ದವರು ಹೇಳಿದರು: "ಅವನ ಹಾರ್ನು ಕೇಳಬೇಡ, ನಿನ್ನ ಇಂಜಿನ್ ಕೇಳು." ಹ್ಯಾಂಡ್‌ಬ್ರೇಕು ಹಿಡಿದು, ಕ್ಲಚ್ಚು ನಿಧಾನ ಬಿಟ್ಟು, ಇಂಜಿನ್ನಿನ ದನಿ ಭಾರವಾದ ಕ್ಷಣಕ್ಕೆ ಬ್ರೇಕು ಸಡಿಲಿಸಿದೆ. ಗಾಡಿ ಒಂದು ಅಂಗುಲವೂ ಹಿಂದೆ ಸರಿಯದೆ ಏರಿತು. ಈಗ ಅಲ್ಲಿ ಸುರಂಗ ಕೊರೆದಿದ್ದಾರೆ, ಏರೂ ಇಲ್ಲ, ಏನೂ ಇಲ್ಲ.

ಆಮೇಲೆ ಅದೇ ನಮ್ಮ ಕ್ರಮವಾಯಿತು. ಕಣ್ಣು ನನ್ನದು, ಕಿವಿ ಅವರದು. ವರ್ಷ ಕಳೆದಂತೆ ಅವರಿಗೆ ಬೆಳಕು ಮತ್ತು ನೆರಳು ಮಾತ್ರ ತಿಳಿಯುವಂತಾಯಿತು. ಆದರೂ "ಥರ್ಡಿನಲ್ಲಿ ಯಾಕೆ ಎಳೀತೀ, ಸೆಕೆಂಡಿಗೆ ಬಾ" ಎನ್ನುವರು. ಟ್ಯಾಪೆಟ್ಟು ಸಡಿಲಾದರೆ ಮೇಸ್ತ್ರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಚಕ್ರದ ಸದ್ದು ಬದಲಾದರೆ, "ಹಟ್ಟಿಕೇರಿ ಸೇತುವೆ ಬಂತು" ಎಂದು ಅವರೇ ಹೇಳುವರು.

ಅರ್ಗಾದ ಹತ್ತಿರ ಬಂದಾಗ ಮಾತ್ರ ಪ್ರತಿ ಸಲ ಕೇಳುತ್ತಿದ್ದರು: "ಕಡಲು ಹ್ಯಾಂಗದೆ ಇವತ್ತು?" ನಾನು ಹೇಳುತ್ತಿದ್ದೆ. ಇವತ್ತು ಹಸಿರು, ಇವತ್ತು ಬೂದಿ ಬಣ್ಣ, ದೂರದಲ್ಲಿ ಎರಡು ದೋಣಿ. ಅಲ್ಲಿ ನೌಕಾನೆಲೆಗೆಂದು 1986ರಲ್ಲಿ ಅಡಿಗಲ್ಲು ಬಿತ್ತು. ಸೀಬರ್ಡ್ ಯೋಜನೆ ಎಂದು ನೀವೂ ಕೇಳಿರುತ್ತೀರಿ. ಎಷ್ಟೋ ಮನೆಯವರು ತೆಂಗು, ತುಳಸಿಕಟ್ಟೆ ಎಲ್ಲ ಬಿಟ್ಟು ಎದ್ದರು. ನಮ್ಮ ನೆಂಟರ ಮನೆಯೂ ಹೋಯಿತು. 2005ರಲ್ಲಿ ಐ.ಎನ್.ಎಸ್. ಕದಂಬ ಶುರುವಾಯಿತು. ಕಡಲಿಗೂ ನಮಗೂ ನಡುವೆ ಉದ್ದನೆಯ ಗೋಡೆ ಎದ್ದಿತು. ಗೋಡೆ ಎದ್ದ ಮೇಲೂ ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಇವತ್ತು ಹಸಿರು, ದೂರದಲ್ಲಿ ಎರಡು ದೋಣಿ. ಅವರಿಗೆ ಗೊತ್ತಿತ್ತೋ ಏನೋ. ಟ್ಯಾಪೆಟ್ಟಿನ ಸದ್ದು ಹಿಡಿಯುವವರಿಗೆ ಕಡಲ ಸದ್ದು ನಿಂತದ್ದು ತಿಳಿಯದಿದ್ದೀತೇ? ಅವರು ಕೇಳಲಿಲ್ಲ, ನಾನು ಒಪ್ಪಿಕೊಳ್ಳಲಿಲ್ಲ.

ಆಮೇಲೆ ಅದಿರಿನ ಲಾರಿಗಳ ಕಾಲ ಬಂತು. ಹೊಸಪೇಟೆ ಕಡೆಯಿಂದ ಬೇಲೇಕೇರಿ ಬಂದರಿಗೆ ಹಗಲು ರಾತ್ರಿ ಸಾಲು ಸಾಲು. ತಂತಿಯ ಮೇಲೆ ಒಣಹಾಕಿದ ಬಟ್ಟೆಯೂ ಕೆಂಪು, ತುಳಸಿ ಎಲೆಯೂ ಕೆಂಪು. ಹೆದ್ದಾರಿಗೆ ಇಳಿಯಲು ಎದೆ ನಡುಗಿ, ಕಾರವಾರದ ತಿರುಗಾಟ ಬಿಟ್ಟೆ. 2011ರಲ್ಲಿ ಅವರು ತೀರಿಕೊಂಡರು. ಆಮೇಲೆ ಗಾಡಿ ಸಂತೆಗೆ, ದೇವಸ್ಥಾನಕ್ಕೆ, ಅಷ್ಟೇ.

ಉಪ್ಪು ಗಾಳಿಯ ಊರಿನಲ್ಲಿ ಐವತ್ತು ದಾಟಿದ ಕಬ್ಬಿಣವನ್ನು ಉಳಿಸಿದ್ದು ಹೇಗೆ ಎಂದು ಕೇಳುತ್ತಾರೆ. ದೊಡ್ಡ ವಿದ್ಯೆಯಲ್ಲ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಬೇಡಿ, ತೇವ ಒಳಗೇ ಕೂತು ತುಕ್ಕು ತಿನ್ನುತ್ತದೆ. ಹಳೇ ಹತ್ತಿ ಸೀರೆ ಹೊದಿಸಿದರೆ ಸಾಕು. ಗಾಡಿಯ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಯಿರಿ. ಕಾಲೊರಸನ್ನು ತೆಗೆದು ಅದರಡಿಯ ತಗಡನ್ನು ನೋಡುತ್ತಿರಿ, ತುಕ್ಕು ಕಳ್ಳನಂತೆ ಅಲ್ಲೇ ಮೊದಲು ಹೊಕ್ಕುವುದು. ಬ್ಯಾಟರಿಯ ಕೊಂಡಿಗಳಿಗೆ ವ್ಯಾಸಲೀನ್ ಹಚ್ಚಿ. ಬಂಪರಿಗೆ ನಾನು ಈಗಲೂ ವಿಭೂತಿ ಹಾಕಿ ಉಜ್ಜುತ್ತೇನೆ, ಬೆಳ್ಳಿ ದೀಪಕ್ಕೆ ಉಜ್ಜಿದ ಹಾಗೆ. ಒಂದು ಎಚ್ಚರಿಕೆ: ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆಸಿರುತ್ತಾರೆ. ಹಳೇ ಗಾಡಿಯ ರಬ್ಬರ್ ಕೊಳವೆಗಳು ಅದಕ್ಕೆ ಉಬ್ಬಿ ಒಡೆಯುತ್ತವೆ. ಮೇಸ್ತ್ರಿಗೆ ಹೇಳಿ ಬದಲಿಸಿಕೊಳ್ಳಿ, ಬೆಂಕಿಯ ಮಾತು, ಉಳಿತಾಯ ಮಾಡಬೇಡಿ.

ನಮ್ಮ ಗಾಡಿಯ ಆರ್.ಸಿ. ಪುಸ್ತಕದ ಅವಧಿ 2026ಕ್ಕೆ ಮುಗಿಯುವುದು. ಅದಕ್ಕೇ ಮಗನ ಅವಸರ. ಗುಜರಿ ಬೇಡವಾದರೆ 'ವಿಂಟೇಜ್' ಮಾಡಿಸು ಎಂದ. ಹಾಗೊಂದು ಕಾನೂನು 2021ರ ಜುಲೈಯಲ್ಲಿ ಬಂದಿದೆ. ಮೂಲರೂಪ ಕೆಡದ, ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಮ್ಮದಕ್ಕೂ ಅದೇ ವರ್ಷ ಐವತ್ತು ತುಂಬಿತು. ನನಗೂ ಆಸೆಯಾಯಿತು. ಆದರೆ ಪೂರ್ತಿ ಓದಿಸಿ ಕೇಳಿದರೆ, ಅಂಥ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲವಂತೆ. ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲು ಹಾಕಿಸಲು, ರಿಪೇರಿಗೆ ಮಾತ್ರ. ಅಂದರೆ ನವರಾತ್ರಿಯ ಗೊಂಬೆಯ ಹಾಗೆ ಮೆಟ್ಟಿಲ ಮೇಲೆ ಕೂರಿಸುವುದು. ಸಂತೆಗೆ ಹೋಗಿ ಬಸಳೆ ತರುವ ಗಾಡಿ ಇದು, ಗೊಂಬೆಯಲ್ಲ.

ಇನ್ನೊಂದು ದಾರಿ ಮಾಮೂಲಿ ನವೀಕರಣ, ಐದು ವರ್ಷಕ್ಕೊಮ್ಮೆ. ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ ಅದರ ಶುಲ್ಕವನ್ನು 10,000 ರೂಪಾಯಿಗೆ ಏರಿಸಿದ್ದಾರೆ. ತಪಾಸಣೆಯೂ ಉಂಟು. ನನ್ನ ಲೈಸೆನ್ಸಿಗೂ ಡಾಕ್ಟರರ ಸರ್ಟಿಫಿಕೇಟು ಬೇಕು. ಕಣ್ಣಿನ ಒತ್ತಡವನ್ನೂ ತೋರಿಸಿಕೊಂಡು ಬಂದಿದ್ದೇನೆ, ಸರಿಯಾಗಿದೆ. ತೆಂಗಿನಕಾಯಿ ಮಾರಿದ ದುಡ್ಡನ್ನು ಹತ್ತು ಸಾವಿರ ಮಾಡಿ ಡಬ್ಬಿಯಲ್ಲಿ ಎತ್ತಿಟ್ಟೆ. ಕಳೆದ ಭಾನುವಾರ ಮಗನಿಗೆ ಹೇಳಿಯೂ ಬಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾರವಾರದ ಆಫೀಸಿಗೆ ಯಾರು ಓಡಿಸಿಕೊಂಡು ಹೋಗ್ತಾರೆ?" ಎಂದ. ಒಳ್ಳೇ ಪ್ರಶ್ನೆ!

ರಜೆಗೆ ಬಂದ ಮೊಮ್ಮಗಳಿಗೆ ಬೆಂಗಳೂರಿನಲ್ಲಿ ಗೇರೇ ಇಲ್ಲದ ಕಾರು ಬಿಟ್ಟು ಅಭ್ಯಾಸ. ಮೊನ್ನೆ ಬೆಳಿಗ್ಗೆ ಅವಳನ್ನು ಅಜ್ಜನ ಜಾಗದಲ್ಲಿ ಕೂರಿಸಿಕೊಂಡು ಅವರ್ಸಾದವರೆಗೆ ಹೋಗಿ ಬಂದೆ. ಬರುವಾಗ, "ಕಣ್ಣು ಮುಚ್ಚು, ಈಗ ಯಾವ ಗೇರು ಹೇಳು" ಎಂದೆ.

"ಥರ್ಡ್" ಎಂದಳು.

ಸೆಕೆಂಡು. "ಇನ್ನೊಂದ್ಸಲ ಕೇಳು" ಎಂದೆ.