ಬಸ್ಸಿನಲ್ಲಿ ಬಂದ ಪಹಣಿ: ವಾಹನ ಜಾಲಗಳಲ್ಲಿ ಮಾಹಿತಿಯ ದಾಸ್ತಾನು ಮತ್ತು ಸಾಗಣೆ

ದಾಸ್ತಾನು ಮತ್ತು ಸಾಗಣೆ, ಇವೆರಡರ ಲೆಕ್ಕ ತಪ್ಪಿದರೆ ವ್ಯಾಪಾರ ಉಳಿಯದೆಂಬುದನ್ನು ನಮ್ಮ ಸದಸ್ಯ ಬಾಂಧವರಿಗೆ ಲೆಕ್ಕಪರಿಶೋಧಕನೊಬ್ಬನು ಬಂದು ಹೇಳಬೇಕಾಗಿಲ್ಲ. ಯಾವ ಸರಕನ್ನು ಗೋದಾಮಿನಲ್ಲಿ ಇಟ್ಟುಕೊಳ್ಳಬೇಕು, ಯಾವುದನ್ನು ಗಿರಾಕಿ ಕೇಳಿದ ಮೇಲೆಯೇ ತರಿಸಬೇಕು, ಸಾಗಣೆಯ ವೆಚ್ಚವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳು ಅಂಗಡಿಯ ಬಾಗಿಲು ತೆರೆದ ದಿನದಿಂದಲೇ ಎದುರಾಗುತ್ತವೆ. ಬಸ್ಸು, ಲಾರಿ, ಕಾರುಗಳು ಪರಸ್ಪರ ನಿಸ್ತಂತುವಾಗಿ ಮಾಹಿತಿಯನ್ನು ವಿನಿಮಯ ಮಾಡಿಕೊಳ್ಳುವ ವಾಹನ ಜಾಲಗಳಲ್ಲಿಯೂ ಇವೇ ಮೂರು ಪ್ರಶ್ನೆಗಳು ಎದ್ದಿವೆ. ಇದು ತಂತ್ರಜ್ಞರ ವಿಷಯವೆಂದು ನಾವು ಸುಮ್ಮನಿರುವಂತಿಲ್ಲ. ಲಾರಿಯಲ್ಲಿ ಸರಕು ಕಳುಹಿಸುವವರಿಗೆ ಇದು ಹಣದ ವಿಷಯವೂ ಹೌದೆಂಬುದನ್ನು ಮುಂದೆ ಒಂದು ಪ್ರಸಂಗದ ಮೂಲಕ ನಿವೇದಿಸುತ್ತೇನೆ.

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ರಾಜ್ಯದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಭೂದಾಖಲೆಗಳು ಗಣಕೀಕೃತವಾದ ಬಳಿಕ, ಪಹಣಿಗಾಗಿ ರೈತರು ತಾಲ್ಲೂಕು ಕೇಂದ್ರದವರೆಗೆ ಬರಬೇಕಾಗಿತ್ತು. ಹಳ್ಳಿಗಳಿಗೆ ಇಂಟರ್‌ನೆಟ್ ಸಂಪರ್ಕ ಇರಲಿಲ್ಲ. ಆಗ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಮೀಡಿಯಾ ಲ್ಯಾಬ್‌ನ ಅಲೆಕ್ಸ್ ಪೆಂಟ್‌ಲ್ಯಾಂಡ್, ರಿಚರ್ಡ್ ಫ್ಲೆಚರ್ ಮತ್ತು ಅಮಿರ್ ಹಸನ್ ಅವರ ತಂಡವು ದೊಡ್ಡಬಳ್ಳಾಪುರದಲ್ಲಿ ‘ಡಾಕ್‌ನೆಟ್’ ಎಂಬ ಏರ್ಪಾಡನ್ನು ಪ್ರಯೋಗಿಸಿತು. ಸರ್ಕಾರಿ ಬಸ್ಸೊಂದರಲ್ಲಿ ಚಿಕ್ಕ ಗಣಕಯಂತ್ರ, ಚಾವಣಿಯ ಮೇಲೆ ಆಂಟೆನಾ, ಬಸ್ಸಿನ ಬ್ಯಾಟರಿಯಿಂದಲೇ ವಿದ್ಯುತ್ತು. ಹಳ್ಳಿಯ ಮಾಹಿತಿ ಕೇಂದ್ರದ ಸಮೀಪ ಬಸ್ಸು ಬಂದೊಡನೆ ರೈತರ ಅರ್ಜಿಗಳು ನಿಸ್ತಂತುವಾಗಿ ಬಸ್ಸಿಗೆ ಏರುತ್ತಿದ್ದವು. ಬಸ್ಸು ತಾಲ್ಲೂಕು ಕೇಂದ್ರವನ್ನು ತಲುಪಿದಾಗ ಅವು ಸರ್ವರಿಗೆ ಇಳಿಯುತ್ತಿದ್ದವು. ಸಿದ್ಧವಾದ ಪಹಣಿ ಮುಂದಿನ ಸುತ್ತಿನಲ್ಲಿ ಹಳ್ಳಿಗೆ ಬರುತ್ತಿತ್ತು. ಕೇಂದ್ರದವನು ಅದನ್ನು ಮುದ್ರಿಸಿ 15 ರೂಪಾಯಿ ಪಡೆಯುತ್ತಿದ್ದನು. ಚಾಲಕನೂ ನಿರ್ವಾಹಕನೂ ಇದಕ್ಕಾಗಿ ಏನನ್ನೂ ಮಾಡಬೇಕಾಗಿರಲಿಲ್ಲ.

ಈ ತಂಡವು 2004ರ ಜನವರಿಯಲ್ಲಿ ಪ್ರಕಟಿಸಿದ ಅಂಕಿಗಳನ್ನು ನೋಡಿದಾಗ ಲೆಕ್ಕದವನಾದ ನನಗೆ ಕುತೂಹಲವುಂಟಾಯಿತು. ಬಸ್ಸು ದಿನಕ್ಕೆ 6 ಬಾರಿ ಪ್ರತಿ ಹಳ್ಳಿಯನ್ನು ಹಾದುಹೋಗುತ್ತಿತ್ತು. ಪ್ರತಿ ಭೇಟಿಯ ಸರಾಸರಿ ಅವಧಿ 2 ನಿಮಿಷ 34 ಸೆಕೆಂಡು. ಅಷ್ಟರಲ್ಲಿ ಒಂದು ದಿಕ್ಕಿನಲ್ಲಿ ಸರಾಸರಿ 20.9 ಮೆಗಾಬೈಟ್ ಮಾಹಿತಿ ಸಾಗುತ್ತಿತ್ತು. ಅಂದಿನ ದೂರವಾಣಿ ತಂತಿಯ ಡಯಲ್-ಅಪ್ ಸಂಪರ್ಕ ತನ್ನ ಪೂರ್ಣ ವೇಗವಾದ ಸೆಕೆಂಡಿಗೆ 56 ಕಿಲೋಬಿಟ್‌ನಲ್ಲಿ ಓಡಿದರೂ ಇಷ್ಟೇ ಮಾಹಿತಿಗೆ ಸುಮಾರು 50 ನಿಮಿಷ ಹಿಡಿಯುತ್ತಿತ್ತು. ನಮ್ಮ ಹಳ್ಳಿಯ ತಂತಿಗಳು ಪೂರ್ಣ ವೇಗದಲ್ಲಿ ಓಡಿದ್ದನ್ನು ಕಂಡವರು ವಿರಳ. ಇನ್ನು ಬಂಡವಾಳದ ಲೆಕ್ಕ. ಬಸ್ಸಿನ ಸಾಧನಗಳಿಗೆ 580 ಡಾಲರ್, ಹಳ್ಳಿಯ ಕೇಂದ್ರವನ್ನು ಸಜ್ಜುಗೊಳಿಸಲು 185 ಡಾಲರ್. ಒಂದು ಬಸ್ಸಿಗೆ 10 ಹಳ್ಳಿಗಳೆಂದು ಹಂಚಿದರೆ ತಲಾ 243 ಡಾಲರ್, ಎಂದರೆ ಅಂದಿನ ವಿನಿಮಯ ದರದಲ್ಲಿ 11 ಸಾವಿರ ರೂಪಾಯಿಗೂ ಸ್ವಲ್ಪ ಅಧಿಕ. ಪಹಣಿಯ 15 ರೂಪಾಯಿ ಪೂರ್ತಿಯಾಗಿ ಕೈಸೇರಿದರೂ ಈ ಮೊತ್ತ ಮರಳಲು ಪ್ರತಿ ಹಳ್ಳಿಯಲ್ಲಿ ಸುಮಾರು 750 ಪಹಣಿಗಳು ವಿತರಣೆಯಾಗಬೇಕು. ಗಣಕಯಂತ್ರ, ಮುದ್ರಣ, ವಿದ್ಯುತ್ತು, ಕೇಂದ್ರದವನ ಸಂಬಳ ಇದರಲ್ಲಿ ಸೇರಿಲ್ಲ. ಪಹಣಿಯೊಂದನ್ನೇ ನಂಬಿ ನಡೆಸಬಹುದಾದ ವ್ಯವಹಾರ ಅದಾಗಿರಲಿಲ್ಲವೆಂಬುದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಸ್ಸು ಪಹಣಿಗಳನ್ನು ಮೊದಲೇ ತುಂಬಿಕೊಂಡು ತಿರುಗುತ್ತಿರಲಿಲ್ಲ. ಆದೇಶವನ್ನು ಒಯ್ದು, ಸರಕನ್ನು ತರುತ್ತಿತ್ತು. ಅದೇ ಸರಿಯಾದ ಕ್ರಮ. ನಿನ್ನೆ ಖಾತೆ ಬದಲಾವಣೆಯಾಗಿದ್ದು, ಹಳ್ಳಿಯಲ್ಲಿ ಮೊನ್ನೆಯ ಪಹಣಿ ದಾಸ್ತಾನಿನಲ್ಲಿದ್ದರೆ, ಅದನ್ನು ನಂಬಿ ಸಾಲ ಕೊಟ್ಟವನ ಗತಿಯೇನು? ಆದರೆ ಎಲ್ಲ ಮಾಹಿತಿಯೂ ಪಹಣಿಯಂತಲ್ಲ. ಹತ್ತು ಜನ ಕೇಳುವ ಒಂದೇ ಮಾಹಿತಿಯನ್ನು ಹತ್ತು ಬಾರಿ ನಗರದಿಂದ ತರಿಸುವುದಕ್ಕಿಂತ ಒಮ್ಮೆ ತಂದು ಹತ್ತಿರದಲ್ಲಿ ಇಟ್ಟುಕೊಳ್ಳುವುದು ಲಾಭದಾಯಕ. ಹೀಗೆ ಇಟ್ಟುಕೊಳ್ಳುವುದನ್ನು ತಂತ್ರಜ್ಞರು ‘ಕ್ಯಾಶ್’ ಎನ್ನುತ್ತಾರೆ. ಮೊದಲ ಬಾರಿ ಕೇಳಿದಾಗ ನಾನೂ ನಗದು ಪುಸ್ತಕದ ಕ್ಯಾಶ್ ಎಂದೇ ಭಾವಿಸಿದ್ದೆ. ಇದು ನಗದಲ್ಲ, ದಾಸ್ತಾನು. ಈ ಲೇಖನದಲ್ಲಿ ಹಾಗೆಯೇ ಕರೆಯುತ್ತೇನೆ.

ಅಮಿರ್ ಹಸನ್ ಅವರು ಮುಂದೆ ಒಡಿಶಾದಲ್ಲಿ ‘ಯುನೈಟೆಡ್ ವಿಲೇಜಸ್’ ಎಂಬ ಸಂಸ್ಥೆಯ ಮೂಲಕ ಇದನ್ನೇ ವ್ಯವಹಾರವಾಗಿ ನಡೆಸಿದರು. ಗ್ರಾಮೀಣ ಭಾರತಕ್ಕೆ ಬೇಕಾಗಿರುವುದು ಅಂತರ್ಜಾಲದ ಶೇಕಡಾ 0.003 ಭಾಗ ಮಾತ್ರವೆಂದೂ, ಕ್ರಿಕೆಟ್ ಸ್ಕೋರು, ಚಿತ್ರತಾರೆಯರ ಭಾವಚಿತ್ರ, ಚಲನಚಿತ್ರ ಗೀತೆಗಳು ಇದರಲ್ಲಿ ಸೇರಿವೆಯೆಂದೂ ಅವರು 2007ರಲ್ಲಿ ಬಿ.ಬಿ.ಸಿ.ಗೆ ತಿಳಿಸಿದ್ದರು. ಅಂತಹ ಪುಟಗಳನ್ನು ನಗರದಲ್ಲಿ ತುಂಬಿಕೊಂಡು ಬಸ್ಸು ಹಳ್ಳಿಗೆ ಒಯ್ಯುತ್ತಿತ್ತು. ದಾಸ್ತಾನಿನಲ್ಲಿ ಇಲ್ಲದ್ದನ್ನು ಆದೇಶದ ಮೇರೆಗೆ ತರಲಾಗುತ್ತಿತ್ತು. ವರ್ತಕರಿಗೆ ರುಚಿಸುವ ಸಂಗತಿಯೆಂದರೆ, ಗೊಬ್ಬರ, ಕೀಟನಾಶಕ, ಪುಸ್ತಕ, ಔಷಧಗಳಿಗೂ ಹಳ್ಳಿಯವರು ಹೀಗೆಯೇ ಆದೇಶ ನೀಡಬಹುದಾಗಿತ್ತು. ಆ ಸರಕು ಕೂಡ ಬಸ್ಸಿನಲ್ಲಿಯೇ ಬರುತ್ತಿತ್ತು!

ಶೇಕಡಾ 0.003 ಎಂಬ ಮಾತು ನಮ್ಮ ‘ಎ.ಬಿ.ಸಿ.’ ವಿಶ್ಲೇಷಣೆಯ ಮಾತೇ ಆಗಿದೆ. ಕೆಲವೇ ಬಾಬುಗಳು ಬಹುಪಾಲು ಬೇಡಿಕೆಯನ್ನು ಹೊರುತ್ತವೆ. ಆದ್ದರಿಂದ ಸಣ್ಣ ಗೋದಾಮಿನಿಂದಲೂ ದೊಡ್ಡ ಉಪಯೋಗ ಸಾಧ್ಯ. ಗೋದಾಮು ತುಂಬಿದಾಗ ಯಾವುದನ್ನು ಹೊರಹಾಕಬೇಕೆಂಬುದಕ್ಕೂ ನಿಯಮಗಳಿವೆ. ಬಹುಕಾಲದಿಂದ ಯಾರೂ ಕೇಳದಿದ್ದುದನ್ನು ಮೊದಲು ತೆಗೆಯುವುದು ಹೆಚ್ಚು ಬಳಕೆಯ ಕ್ರಮ. ಔಷಧ ವ್ಯಾಪಾರಿಯ ಅವಧಿ ದಿನಾಂಕದಂತೆ ಪ್ರತಿ ಮಾಹಿತಿಗೂ ಒಂದು ಆಯಸ್ಸನ್ನು ನಿಗದಿಪಡಿಸುತ್ತಾರೆ. ರಸ್ತೆಯ ನಕ್ಷೆಗೆ ತಿಂಗಳುಗಳು, ಮಾರುಕಟ್ಟೆಯ ಧಾರಣೆಗೆ ಒಂದು ದಿನ, ಮುಂದಿನ ತಿರುವಿನಲ್ಲಿ ಲಾರಿ ಮಗುಚಿದೆ ಎಂಬ ಎಚ್ಚರಿಕೆಗೆ ಕೆಲವು ನಿಮಿಷ.

ಬಸ್ಸು ನಿಲ್ದಾಣದಲ್ಲಿ ನಿಂತಾಗ ಕೆಲಸ ಸುಲಭ. ಓಡುವ ಎರಡು ವಾಹನಗಳ ನಡುವೆ ಹಾಗಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದ ಎರಡು ಲಾರಿಗಳು ಎದುರುಬದುರಾಗಿ ಬರುತ್ತಿವೆ, ನಿಸ್ತಂತುವಿನ ವ್ಯಾಪ್ತಿ 300 ಮೀಟರ್ ಎಂದಿಟ್ಟುಕೊಳ್ಳಿ. ಅವು ಪರಸ್ಪರ ವ್ಯಾಪ್ತಿಯಲ್ಲಿರುವುದು 18 ಸೆಕೆಂಡು ಮಾತ್ರ. ಸೆಕೆಂಡಿಗೆ 6 ಮೆಗಾಬಿಟ್ ವೇಗದಲ್ಲಿ ಹೆಚ್ಚೆಂದರೆ 13.5 ಮೆಗಾಬೈಟ್ ಸಾಗಬಹುದು. ಸಾಮಾನ್ಯ ವೈ-ಫೈ ಪರಿಚಯ ಮಾಡಿಕೊಳ್ಳುವುದರಲ್ಲಿಯೇ ಬಹಳ ಸಮಯ ಕಳೆಯುತ್ತದೆ. 2008ರಲ್ಲಿ ಎಂ.ಐ.ಟಿ.ಯವರು ತಮ್ಮ ‘ಕೇಬರ್ನೆಟ್’ ಪ್ರಯೋಗದಲ್ಲಿ, ಓಡುವ ಕಾರಿಗೆ ರಸ್ತೆಬದಿಯ ವೈ-ಫೈ ಸಂಪರ್ಕ ದೊರೆಯಲು 10 ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿದ್ದುದನ್ನು ಅರ್ಧ ಸೆಕೆಂಡಿಗೂ ಕಡಿಮೆ ಮಾಡಿ ತೋರಿಸಿದರು. ವಾಹನಗಳಿಗೆಂದೇ 2010ರಲ್ಲಿ ಅಂಗೀಕೃತವಾದ 802.11ಪಿ ಎಂಬ ಮಾನಕದಲ್ಲಿ ಈ ಪರಿಚಯದ ಶಾಸ್ತ್ರವನ್ನೇ ಕೈಬಿಡಲಾಗಿದೆ. ದೊಡ್ಡ ಕಡತವನ್ನು ತುಂಡುಗಳಾಗಿ ಹಲವು ವಾಹನಗಳ ಮೇಲೆ ಹಂಚಿ ಹೇರುವ ವಿಧಾನಗಳೂ ಇವೆ. ಅವುಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ.

ಸಮಯ ಇಷ್ಟು ಕಡಿಮೆಯಾದಾಗ ಯಾವುದನ್ನು ಮೊದಲು ಹೇರಬೇಕು? ಅಮೆರಿಕದ ಆಮ್ಹರ್ಸ್ಟ್‌ನಲ್ಲಿ ವಿಶ್ವವಿದ್ಯಾನಿಲಯದವರು ಸುಮಾರು 30 ಬಸ್ಸುಗಳ ಮೇಲೆ ಪ್ರಯೋಗ ನಡೆಸಿ, 2006ರಲ್ಲಿ ‘ಮ್ಯಾಕ್ಸ್‌ಪ್ರಾಪ್’ ಎಂಬ ಕ್ರಮವನ್ನು ಪ್ರಕಟಿಸಿದರು. ಬಸ್ಸುಗಳ ಹಿಂದಿನ ಭೇಟಿಗಳ ಆಧಾರದ ಮೇಲೆ, ತಲುಪುವ ಸಂಭವ ಹೆಚ್ಚಿರುವ ಮಾಹಿತಿಯನ್ನು ಮೊದಲು ಹೇರುವುದು, ಕಡಿಮೆ ಇರುವುದನ್ನು ಮೊದಲು ಇಳಿಸುವುದು ಇದರ ಸಾರ. ಅನುಭವಿ ಲಾರಿ ಏಜೆಂಟನು ಮಾಡುವುದೂ ಇದನ್ನೇ.

ಅಪರಿಚಿತ ಲಾರಿ ತಂದ ಮಾಹಿತಿಯನ್ನು ನಂಬುವುದು ಹೇಗೆಂಬ ಸಂದೇಹ ಸಹಜ. ಕಂಪನಿ ವ್ಯವಹಾರಗಳ ನಮೂನೆಗಳನ್ನು ಸಲ್ಲಿಸುವಾಗ ನಾವು ಡಿಜಿಟಲ್ ಸಹಿಯನ್ನು ಬಳಸುತ್ತೇವಷ್ಟೆ. ಇಲ್ಲಿಯೂ ಮೂಲ ಕರ್ತೃವಿನ ಸಹಿ ಮಾಹಿತಿಯೊಂದಿಗೇ ಸಾಗುತ್ತದೆ. ನಡುವೆ ಯಾರೇ ತಿದ್ದಿದರೂ ಸಹಿ ಹೊಂದುವುದಿಲ್ಲ. ಆದರೆ ಸಹಿಯು ಮಾಹಿತಿ ತಿದ್ದಿಲ್ಲವೆಂದು ಹೇಳುತ್ತದೆಯೇ ಹೊರತು, ಅದು ಹಳತಾಗಿಲ್ಲವೆಂದು ಹೇಳುವುದಿಲ್ಲ. ದಿನಾಂಕವನ್ನು ಪ್ರತ್ಯೇಕವಾಗಿಯೇ ನೋಡಬೇಕು.

ಇಷ್ಟೆಲ್ಲ ಇದ್ದರೂ ಬಂಡವಾಳ ಹೂಡುವವರು ಅಮೆರಿಕದ ಅನುಭವವನ್ನು ಮರೆಯಬಾರದು. ಅಲ್ಲಿನ ಸರ್ಕಾರ 1999ರಲ್ಲಿ ವಾಹನ ಸಂಪರ್ಕಕ್ಕೆಂದು 75 ಮೆಗಾಹರ್ಟ್ಸ್ ತರಂಗಾಂತರವನ್ನು ಮೀಸಲಿಟ್ಟಿತು. ಎರಡು ದಶಕ ಕಳೆದರೂ ಬಳಕೆ ನಿರೀಕ್ಷಿಸಿದಷ್ಟು ಬೆಳೆಯಲಿಲ್ಲ. 2020ರ ನವೆಂಬರಿನಲ್ಲಿ 45 ಮೆಗಾಹರ್ಟ್ಸ್ ಅನ್ನು ವೈ-ಫೈ ಬಳಕೆಗೆ ಬಿಟ್ಟುಕೊಟ್ಟು, ಉಳಿದ 30 ಅನ್ನು ಮೊಬೈಲ್ ತಂತ್ರಜ್ಞಾನವನ್ನು ಆಧರಿಸಿದ ಬೇರೊಂದು ಮಾನಕಕ್ಕೆ ಗೊತ್ತುಪಡಿಸಲಾಯಿತು. ಹಳೆಯ ಮಾನಕವನ್ನು ನಂಬಿ ಸಾಧನ ಕೊಂಡವರ ಲೆಕ್ಕಪುಸ್ತಕದಲ್ಲಿ ಉಳಿಯುವುದು ಸವಕಳಿ ಮಾತ್ರ.

ಈಗ ಮೊದಲು ಹೇಳಿದ ಪ್ರಸಂಗ. ಹಾಸನದ ನನ್ನ ಕಕ್ಷಿದಾರರೊಬ್ಬರು, ಸಣ್ಣ ಕೈಗಾರಿಕೆಯವರು, ಮಂಗಳೂರಿಗೆ ಎರಕದ ಬಿಡಿಭಾಗಗಳನ್ನು ಬಾಡಿಗೆ ಲಾರಿಯಲ್ಲಿ ಕಳುಹಿಸಿದರು. ಸಂಜೆ 6 ಗಂಟೆಯೊಳಗೆ ಸರಕು ತಲುಪಬೇಕೆಂಬುದು ಕರಾರು. ಲಾರಿಯ ಟ್ರ್ಯಾಕಿಂಗ್ ವರದಿಯಲ್ಲಿ ಮಧ್ಯಾಹ್ನ 1.10ಕ್ಕೆ ಸಕಲೇಶಪುರ, ಬಳಿಕ ಬಹಳ ಹೊತ್ತು ಏನೂ ಇಲ್ಲ, ಸಂಜೆ 7.40ಕ್ಕೆ ಖರೀದಿದಾರರ ಗೇಟು. ಖರೀದಿದಾರರು 5,000 ರೂಪಾಯಿಗಳ ಡೆಬಿಟ್ ನೋಟ್ ಕಳುಹಿಸಿದರು. ಐದೂವರೆಯೊಳಗೇ ಮುಟ್ಟಿದ್ದೆನೆಂದು ಚಾಲಕನು ಆಣೆಯಿಟ್ಟು ಹೇಳಿದನು.

ಸಾಧನದ ಮೂಲ ದಾಖಲೆಯನ್ನು ತರಿಸಿ ನೋಡಿದಾಗ ಚಾಲಕನ ಮಾತೇ ನಿಜವಾಗಿತ್ತು. ಶಿರಾಡಿ ಘಟ್ಟದಲ್ಲಿ ಸಿಗ್ನಲ್ ಇಲ್ಲದಾಗ ಸಾಧನವು ದಾಖಲೆಗಳನ್ನು ತನ್ನೊಳಗೆ ಕೂಡಿಟ್ಟುಕೊಂಡಿತ್ತು. ಘಟ್ಟ ಇಳಿದ ಮೇಲೆ ಅವುಗಳನ್ನು ಹಳೆಯದರಿಂದ ಆರಂಭಿಸಿ ಸರತಿಯ ಪ್ರಕಾರ ಕಳುಹಿಸತೊಡಗಿತು. ಸಿಗ್ನಲ್ ದುರ್ಬಲವಾಗಿದ್ದುದರಿಂದ ಸಂಜೆ 5.25ಕ್ಕೆ ಗೇಟು ಮುಟ್ಟಿದ ದಾಖಲೆ ಸರತಿಯ ಕೊನೆಯಲ್ಲಿ ನಿಂತಿತ್ತು. ವರದಿಯಲ್ಲಿ ಮುದ್ರಿತವಾದುದು ಸರ್ವರಿಗೆ ದಾಖಲೆ ತಲುಪಿದ ಸಮಯವೇ ಹೊರತು ಘಟನೆ ನಡೆದ ಸಮಯವಲ್ಲ. ವ್ಯವಹಾರ ನಡೆದ ದಿನಾಂಕಕ್ಕೂ ಖಾತೆಗೆ ಏರಿಸಿದ ದಿನಾಂಕಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಗುಮಾಸ್ತರೂ ಬಲ್ಲರು. ಸಾಧನ ಮಾರಿದವರು ಬಲ್ಲವರಾಗಿರಲಿಲ್ಲ.

ಬಸ್ಸು, ಟ್ಯಾಕ್ಸಿ ಮುಂತಾದ ಸಾರ್ವಜನಿಕ ಸೇವಾ ವಾಹನಗಳ ಸಾಧನಗಳಿಗೆ ನಮ್ಮ ದೇಶದಲ್ಲಿ ಎ.ಐ.ಎಸ್. 140 ಎಂಬ ಮಾನಕವಿದೆ. ಸಂಪರ್ಕ ಕಡಿದಾಗ ದಾಖಲೆಗಳನ್ನು ಕೂಡಿಡಬೇಕು, ಮರಳಿದಾಗ ಹಿಂಬಾಕಿಗಿಂತ ಸದ್ಯದ ದಾಖಲೆಗೆ ಆದ್ಯತೆ ಕೊಡಬೇಕು ಎಂದು ಅದು ವಿಧಿಸುತ್ತದೆ. ಕಕ್ಷಿದಾರರ ಲಾರಿಯಲ್ಲಿದ್ದುದು ಆ ಮಾನಕದ್ದಲ್ಲ, ಅಗ್ಗದ್ದು. ಲಾರಿಗಳ ನಡುವೆ ಜಾಲವಿದ್ದಿದ್ದರೆ, ಮೊದಲೇ ಘಟ್ಟ ದಾಟುವ ಯಾವುದಾದರೊಂದು ವಾಹನವು ಈ ಹಿಂಬಾಕಿಯನ್ನು ಹೊತ್ತು ತಲುಪಿಸಬಹುದಾಗಿತ್ತು. ಆದರೆ ಆ ಲಾರಿಯ ಮಾಲೀಕನು ತನ್ನ ಸಿಮ್‌ನ ಖರ್ಚಿನಲ್ಲಿ ನಮ್ಮ ದಾಖಲೆಯನ್ನು ಏಕೆ ಕಳುಹಿಸಬೇಕು? ದೊಡ್ಡಬಳ್ಳಾಪುರದಲ್ಲಿ ಬಸ್ಸು ಹೇಗೂ ಓಡುತ್ತಿತ್ತು, ಪಡೆದವನು 15 ರೂಪಾಯಿ ಕೊಡುತ್ತಿದ್ದನು. ಹೆದ್ದಾರಿಯಲ್ಲಿ ಈ ಬಾಡಿಗೆಯನ್ನು ಕೊಡುವವರು ಯಾರೆಂಬುದು ತೀರ್ಮಾನವಾಗುವವರೆಗೆ ಮಾನಕಗಳು ಎಷ್ಟು ಉತ್ತಮವಾಗಿದ್ದರೂ ಲಾರಿ ಮಾಲೀಕರು ಕೈ ಹಾಕಲಾರರು.

ಡೆಬಿಟ್ ನೋಟನ್ನು ಹಿಂಪಡೆಯಲು ಖರೀದಿದಾರರು 3 ತಿಂಗಳು ತೆಗೆದುಕೊಂಡರು. ಈಗ ಆ ಕಕ್ಷಿದಾರರು ದಾಖಲಾದ ಸಮಯ, ತಲುಪಿದ ಸಮಯ ಎಂಬ ಎರಡು ಕಾಲಂಗಳಿರುವ ವರದಿಯನ್ನು ಬಾಡಿಗೆಯ ಬಿಲ್ಲಿನೊಡನೆ ಪಿನ್ ಮಾಡಿಯೇ ನಮ್ಮ ಕಚೇರಿಗೆ ಕಳುಹಿಸುತ್ತಿದ್ದಾರೆ. ಎರಡೂ ಕಾಲಂ ಇಲ್ಲದ ವರದಿ ಕೊಡುವ ಲಾರಿಗೆ ಸರಕು ಹೇರುವುದಿಲ್ಲವೆಂದು ಏಜೆಂಟನಿಗೆ ಬರೆದುಕೊಟ್ಟಿದ್ದಾರೆ.