ಗಿಟಾರಿನ ಹೊಟ್ಟೆಯೊಳಗಿನ ಪಟ್ಟಿಗಳು

ಶ್ರುತಿ ಮಾಡಿ ಗೋಡೆಗೆ ಒರಗಿಸಿಟ್ಟ ಉಕ್ಕಿನ ತಂತಿಯ ಗಿಟಾರು ನೋಡುವವರ ಕಣ್ಣಿಗೆ ಸುಮ್ಮನೆ ನಿಂತಿರುತ್ತದೆ. ಆಗಲೂ ಅದರ ಆರು ತಂತಿಗಳು ಒಟ್ಟಾಗಿ 70 ಕಿಲೋ ಭಾರಕ್ಕೂ ಮೀರಿದ ಬಲದಿಂದ ತಮ್ಮ ಕೆಳತುದಿ ಹಿಡಿದಿರುವ ಬ್ರಿಡ್ಜನ್ನು ಕುತ್ತಿಗೆಯ ಕಡೆಗೆ ಜಗ್ಗುತ್ತಲೇ ಇರುತ್ತವೆ. ಆ ಬ್ರಿಡ್ಜ್ ಕೂತಿರುವ ಮೇಲ್ಹಲಗೆಯೋ, ಸುಮಾರು 3 ಮಿಲಿಮೀಟರ್ ದಪ್ಪದ್ದು. ಹಲಗೆಯೊಂದನ್ನೇ ನೆಚ್ಚಿಕೊಂಡರೆ ಬ್ರಿಡ್ಜಿನ ಹಿಂದೆ ಉಬ್ಬಿ, ಮುಂದೆ ಕುಸಿದು, ವಾದ್ಯ ಬೇಗನೆ ಮೂಲೆ ಸೇರುತ್ತದೆ.

ಮೇಲ್ಹಲಗೆಯ ದುಂಡು ರಂಧ್ರದೊಳಗೆ, ಅಂದರೆ ಸೌಂಡ್‌ಹೋಲ್‌ನೊಳಗೆ, ಪುಟ್ಟ ಕನ್ನಡಿ ತೂರಿಸಿ ಮೊಬೈಲಿನ ಟಾರ್ಚ್ ಬಿಡಿ. ಹಲಗೆಯ ಅಡಿಮೈಗೆ ಅಂಟಿಸಿದ ತೆಳ್ಳನೆಯ ಮರದ ಪಟ್ಟಿಗಳು ಕಾಣುತ್ತವೆ. ಇವುಗಳಿಗೆ ಬ್ರೇಸ್ ಎಂದು ಹೆಸರು. ಹೊರಗೆ ಎಷ್ಟೇ ಪಾಲಿಶ್ ಹೊಡೆದಿರಲಿ, ಒಳಗಿನ ಈ ಪಟ್ಟಿಗಳಿಗೆ ಬಣ್ಣವಿಲ್ಲ, ಹೊಳಪಿಲ್ಲ. ಕೆಲವು ಗಿಟಾರುಗಳಲ್ಲಿ ಉಳಿಯ ಗುರುತು ಕೂಡ ಹಾಗೇ ಇರುತ್ತದೆ. ನನ್ನ ಮಟ್ಟಿಗೆ ಗಿಟಾರಿನ ನಾದದ ಹೆಚ್ಚಿನ ತೀರ್ಮಾನ ಆಗುವುದು ಇಲ್ಲೇ.

ಬರೀ ಭಾರ ತಡೆಯುವುದೇ ಕೆಲಸವಾಗಿದ್ದರೆ ನಾಲ್ಕು ದಪ್ಪ ಪಟ್ಟಿ ಜಡಿದು ಕೈತೊಳೆದುಕೊಳ್ಳಬಹುದಿತ್ತು. ಆದರೆ ತಂತಿ ತುಂಬಾ ತೆಳು, ತಾನಾಗಿ ಗಾಳಿಯನ್ನು ಹೆಚ್ಚು ಅಲುಗಿಸಲಾರದು. ಅದರ ಕಂಪನವನ್ನು ಬ್ರಿಡ್ಜಿನ ಮೂಲಕ ಪಡೆದು ಗಾಳಿಯನ್ನು ನೂಕುವುದು ಮೇಲ್ಹಲಗೆ. ಪಟ್ಟಿ ಬಿಗಿಯಾದರೆ ಹಲಗೆ ಮಿಸುಕುವುದಿಲ್ಲ, ಸದ್ದು ಗಂಟಲಲ್ಲೇ ಉಳಿಯುತ್ತದೆ. ಸಡಿಲವಾದರೆ ಮಂದ್ರ ಸ್ವರಗಳು ಗುಂಯ್‌ಗುಡುತ್ತವೆ, ಹಲಗೆ ಬಾಗುತ್ತದೆ. ವರ್ಷಗಟ್ಟಲೆ ಒಂದೇ ಸಮನೆ ಎಳೆಯುವ ಬಲಕ್ಕೆ ಮಣಿಯಬಾರದು, ಸೆಕೆಂಡಿಗೆ ನೂರಾರು ಸಲ ಬರುವ ನಡುಕಕ್ಕೆ ಮಣಿಯಬೇಕು. ಪಟ್ಟಿಯಿಂದ ಕೇಳುವುದು ಇಂಥ ಎರಡು ಕೆಲಸ.

ಇದು ಸಾಧ್ಯವಾಗುವುದು ಒಂದು ಸರಳ ಲೆಕ್ಕದಿಂದ. ಪಟ್ಟಿಯ ಅಗಲ ಎರಡು ಪಟ್ಟಾದರೆ ಬಿಗುವು ಎರಡು ಪಟ್ಟಾಗುತ್ತದೆ. ಎತ್ತರ ಎರಡು ಪಟ್ಟಾದರೆ ಎಂಟು ಪಟ್ಟು! ಮನೆಗೆ ತೊಲೆ ಇಡುವ ಬಡಗಿ ಅದನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸುವುದೂ ಇದಕ್ಕೇ. ಹಾಗಾಗಿ ಗಿಟಾರಿನ ಬ್ರೇಸ್ ಸಪೂರ, ಆದರೆ ಎತ್ತರ. ಇದೇ ಲೆಕ್ಕ ತಿರುಗಿ ಹೊಡೆಯುವುದೂ ಉಂಟು. 8 ಮಿಲಿಮೀಟರ್ ಎತ್ತರದ ಪಟ್ಟಿಯನ್ನು 6ಕ್ಕೆ ಇಳಿಸಿದರೆ ಹೋಗುವುದು ಕಾಲು ಭಾಗ ಮರ. ಬಿಗುವಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತದೆ. ಉಳಿಯ ಕೆಳಗೆ ಉದುರಿದ ಸಿಪ್ಪೆಯನ್ನು ಮತ್ತೆ ಅಂಟಿಸಲಾಗದು.

ಪಟ್ಟಿಗಳನ್ನು ಯಾವ ದಿಕ್ಕಿಗೆ ಹೂಡಬೇಕು ಎಂಬುದಕ್ಕೆ 19ನೇ ಶತಮಾನದಲ್ಲಿ ಎರಡು ಪ್ರಸಿದ್ಧ ಉತ್ತರಗಳು ಸಿಕ್ಕವು. ಸ್ಪೇನಿನ ಆಂತೋನಿಯೊ ದೆ ತೋರೆಸ್ ಬ್ರಿಡ್ಜಿನ ಅಡಿಯಲ್ಲಿ ಏಳು ಸಣ್ಣ ಪಟ್ಟಿಗಳನ್ನು ಬೀಸಣಿಗೆಯ ಕಡ್ಡಿಗಳಂತೆ ಹರಡಿದ. ಈ ಕ್ರಮ ಅವನಿಗಿಂತ ಮೊದಲೂ ಸ್ಪೇನಿನಲ್ಲಿತ್ತು, ಅದನ್ನು ಪಳಗಿಸಿದ್ದು ಅವನು. ನಾದ ಹುಟ್ಟುವುದು ಮೇಲ್ಹಲಗೆಯಲ್ಲೇ ಎಂದು ತೋರಿಸಲು 1862ರಲ್ಲಿ ಅವನೊಂದು ಗಿಟಾರು ಮಾಡಿದ: ಮೇಲ್ಹಲಗೆ ಮಾಮೂಲಿ ಸ್ಪ್ರೂಸ್ ಮರದ್ದು, ಬೆನ್ನು ಮತ್ತು ಪಕ್ಕಗಳು ರಟ್ಟಿನವು. ಅದು ಈಗಲೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ದುಬಾರಿ ರೋಸ್‌ವುಡ್‌ನ ಗುಣಗಾನ ಮಾಡುವವರು ಒಮ್ಮೆ ನೆನಪಿಸಿಕೊಳ್ಳಬೇಕಾದ ವಾದ್ಯ.

ಜರ್ಮನಿಯಿಂದ 1833ರಲ್ಲಿ ಅಮೆರಿಕಕ್ಕೆ ಹೋದ ಸಿ. ಎಫ್. ಮಾರ್ಟಿನ್ 1840ರ ದಶಕದಲ್ಲಿ ಹಿಡಿದದ್ದು ಬೇರೆ ದಾರಿ. ಎರಡು ಉದ್ದನೆಯ ಪಟ್ಟಿಗಳು ಸೌಂಡ್‌ಹೋಲ್ ಮತ್ತು ಬ್ರಿಡ್ಜಿನ ನಡುವೆ ಗುಣಾಕಾರದ ಚಿಹ್ನೆಯಂತೆ ಒಂದನ್ನೊಂದು ಹಾಯುತ್ತವೆ, ಅವುಗಳ ಕಾಲುಗಳು ಬ್ರಿಡ್ಜಿನ ಎರಡು ತುದಿಗಳ ಅಡಿಯಿಂದ ಹಾದು ಅಂಚಿನವರೆಗೆ ಹೋಗುತ್ತವೆ. ಸ್ಪ್ರೂಸ್ ತನ್ನ ಎಳೆಯ ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ಅದರ ಹತ್ತನೇ ಒಂದು ಭಾಗವೂ ಅಲ್ಲ. ಓರೆಯಾಗಿ ಹೋಗುವ ಪಟ್ಟಿ ಎರಡು ದಿಕ್ಕಿಗೂ ಆಸರೆಯಾಗುತ್ತದೆ. ತಮಾಷೆಯೆಂದರೆ, ಮಾರ್ಟಿನ್ ಇದನ್ನು ಮಾಡಿದ್ದು ಕರುಳಿನ ತಂತಿಯ ಗಿಟಾರುಗಳಿಗೆ. ಸೆಳೆತ ಬಹಳ ಹೆಚ್ಚಿರುವ ಉಕ್ಕಿನ ತಂತಿ ರೂಢಿಗೆ ಬಂದದ್ದು 1920ರ ದಶಕದಲ್ಲಿ. ಹಳೆಯ ವಿನ್ಯಾಸ ಆ ಹೊಸ ಭಾರಕ್ಕೆ ಹೇಳಿ ಮಾಡಿಸಿದಂತೆ ಒಗ್ಗಿತು. ಇಂದು ಅಂಗಡಿಯಲ್ಲಿ ಉಕ್ಕಿನ ತಂತಿಯ ಯಾವ ಗಿಟಾರಿನೊಳಗೆ ಇಣುಕಿದರೂ ಬಹುತೇಕ ಕಾಣುವುದು ಇದೇ.

ಆದರೂ ಜಗ್ಗಾಟ ನಿಲ್ಲಲಿಲ್ಲ. ಮಾರ್ಟಿನ್ ಕಂಪನಿ ಪಟ್ಟಿಗಳ ಬೆನ್ನನ್ನು ಅಲ್ಲಲ್ಲಿ ಹಳ್ಳದಂತೆ ಕೆತ್ತಿ ಹಗುರ ಮಾಡುತ್ತಿತ್ತು. ಅದಕ್ಕೆ ಸ್ಕ್ಯಾಲಪ್ ಎನ್ನುತ್ತಾರೆ. ನುಡಿಸುವವರು ದಪ್ಪ ತಂತಿಗಳನ್ನು ಬಿಗಿಯತೊಡಗಿದ ಮೇಲೆ 1944ರಲ್ಲಿ ಅದನ್ನು ಕೈಬಿಟ್ಟರು. ಗಿಟಾರು ಗಟ್ಟಿಯಾಯಿತು, ದನಿ ಬಿಗಿದುಕೊಂಡಿತು. ಕಲಾವಿದರು ಎರಡನೇ ಮಹಾಯುದ್ಧಕ್ಕೆ ಮುಂಚಿನ ಗಿಟಾರುಗಳನ್ನು ಹುಡುಕಿಕೊಂಡು ಹೋಗತೊಡಗಿದರು. ಕಡೆಗೆ 1976ರಲ್ಲಿ ಎಚ್‌ಡಿ-28 ಮಾದರಿಯಲ್ಲಿ ಕಂಪನಿಯೇ ಮತ್ತೆ ಕೆತ್ತಿದ ಪಟ್ಟಿಗಳಿಗೆ ಮರಳಿತು.

ಆಸ್ಟ್ರೇಲಿಯಾದ ಗ್ರೆಗ್ ಸ್ಮಾಲ್‌ಮನ್ ಇನ್ನೂ ಮುಂದೆ ಹೋದರು. ಬಾಲ್ಸಾ ಮರದ ಕಡ್ಡಿಗಳಿಗೆ ಕಾರ್ಬನ್ ಫೈಬರ್ ಸೇರಿಸಿ ಜಾಲಿಯಂತೆ ಹೆಣೆದು, ಹಲಗೆಯನ್ನು ತೀರಾ ತೆಳುವಾಗಿಸಿದರು. ಬೆನ್ನು, ಪಕ್ಕಗಳನ್ನು ಭಾರವಾಗಿಟ್ಟರು. 1980ರ ದಶಕದಿಂದ ಗಿಟಾರ್ ವಾದಕ ಜಾನ್ ವಿಲಿಯಮ್ಸ್ ನುಡಿಸಿದ್ದು ಇಂಥ ಗಿಟಾರನ್ನೇ. ದೊಡ್ಡ ಸಭಾಂಗಣಕ್ಕೆ ಅದರ ದನಿ ಸಲ್ಲುತ್ತದೆ, ಒಪ್ಪುತ್ತೇನೆ. ಮನೆಯ ಕೋಣೆಯಲ್ಲಿ ಕೂತು ಕೇಳಲು ನನಗೆ ತೋರೆಸ್‌ನ ಬೀಸಣಿಗೆಯೇ ಇಷ್ಟ.

ನಿಮ್ಮ ಗಿಟಾರಿನ ಪಟ್ಟಿಗಳ ಆರೋಗ್ಯ ತಿಳಿಯಲು ನೇರವಾದ ಸ್ಕೇಲನ್ನು ಬ್ರಿಡ್ಜಿನ ಹಿಂದೆ ಹಲಗೆಯ ಮೇಲೆ ಅಡ್ಡಡ್ಡ ಇಟ್ಟು ನೋಡಿ. ತುಸು ಉಬ್ಬಿದ್ದರೆ ಗಾಬರಿ ಬೇಡ, ಹೆಚ್ಚಿನವನ್ನು ಹಾಗೇ ಮಾಡಿರುತ್ತಾರೆ. ಆ ಉಬ್ಬು ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ, ಅಥವಾ ಬೆರಳ ಗೆಣ್ಣಿನಿಂದ ಬಡಿದಾಗ ಒಂದು ಕಡೆ ಮಾತ್ರ ಜಿರ್ರೆಂದರೆ, ಯಾವುದೋ ಪಟ್ಟಿಯ ಅಂಟು ಬಿಟ್ಟಿರಬಹುದು. ತಂತಿ ಸಡಿಲಿಸಿ ರಿಪೇರಿಯವರಿಗೆ ಕೊಡಿ. ಹೊತ್ತಿಗೆ ಸರಿಯಾಗಿ ಸಿಕ್ಕರೆ ಒಂದಿಷ್ಟು ಅಂಟು, ಒಂದು ಕ್ಲ್ಯಾಂಪಿನಲ್ಲಿ ಮುಗಿಯುವ ಕೆಲಸ.